ಗಿಟಾರಿನ ಮೇಲೆ ಸಿಟ್ಟು, ಖಾಲಿ ಭಜನಿ ಮನಿ ಮೇಲೆ ಯಾಕಿಲ್ಲ?

ಯಲಬುರ್ಗಾ ತಾಲೂಕಿನ ಒಂದು ಊರು. ಹೆಸರು ಬೇಡ, ಊರಿನ ಮಾತು ಊರಲ್ಲೇ ಇರಲಿ. ಜಾತ್ರೆಗೆ ಇನ್ನೂ ಹದಿನೈದು ದಿನ ಇತ್ತು. ನಾಲ್ಕು ಹುಡುಗರು ದೈವದವರ ಮುಂದೆ ಬಂದು ನಿಂತರು. "ರಾತ್ರಿ ಕಾರ್ಯಕ್ರಮದಾಗ ನಮಗೂ ಅರ್ಧ ತಾಸು ಕೊಡ್ರಿ. ಶರೀಫರ ಪದಾನ ಗಿಟಾರ್ ಮ್ಯಾಲೆ ಹಾಡ್ತೀವಿ" ಅಂದರು. ಒಬ್ಬ ಕೊಪ್ಪಳದಲ್ಲಿ ಡಿಗ್ರಿ ಓದುವವ, ಒಬ್ಬ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ದುಡಿಯುವವ. ಉಳಿದಿಬ್ಬರು ಹೊಲ ಮಾಡ್ಕೊಂಡಿರುವವರು. ಗಿಟಾರ್ ಇದ್ದದ್ದು ಒಂದೇ, ಅದೂ ಸೆಕೆಂಡ್ ಹ್ಯಾಂಡ್.

ಹಿರಿಯರೊಬ್ಬರು ಅಲ್ಲೇ ಕಡ್ಡಿ ಮುರಿದರು: "ಶರೀಫಜ್ಜನ ಪದ ಅಂದ್ರ ಏಕತಾರಿ, ದಮ್ಮಡಿ. ಗಿಟಾರ್ ಹಿಡ್ಕೊಂಡು ಕುಣಿಯೋದು ಹಿಪ್ಪಿಗಳ ಕೆಲಸ. ನಮ್ಮ ಜಾತ್ರಿಗೆ ಅದು ಬ್ಯಾಡ."

ಹುಡುಗರು ತಲೆ ತಗ್ಗಿಸಿ ಹೋದರು. ಅದಾದ ಐದೇ ನಿಮಿಷಕ್ಕೆ ಅದೇ ಸಭೆಯಲ್ಲಿ ಡಿಜೆಗೂ ಆರ್ಕೆಸ್ಟ್ರಾಕ್ಕೂ ಮುಂಗಡ ಕೊಡುವ ತೀರ್ಮಾನ ಆಯ್ತು. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಭಜನಿ ಮಂಡಳಿಗೆ ಏನು ಕೊಡೋದು ಅಂತ ಕೇಳಿದಾಗ, "ಅವರು ನಮ್ಮವರೇ ಅಲ್ಲೇನ್ರಿ, ಒಂದು ಟೆಂಗಿನಕಾಯಿ, ಒಂದು ಟಾವೆಲ್ ಕೊಟ್ರ ಆತು" ಅಂದರು.

ನಾವು ಅಲ್ಲೇ ಮೂಲೆಯಲ್ಲಿ ಕುಳಿತಿದ್ದೆವು. ಆ ಸಭೆಯಲ್ಲಿ ನಾವೂ ಬಾಯಿ ಬಿಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇವೆ.

ಹುಡುಗರು ಹಾಡಬೇಕು ಅಂದುಕೊಂಡ ಪದ "ಗುಡುಗುಡಿಯ ಸೇದಿ ನೋಡೋ". ಬರೆದವರು ಶಿಶುನಾಳ ಶರೀಫರು. 1819 ರಲ್ಲಿ ಹುಟ್ಟಿ 1889 ರಲ್ಲಿ ತೀರಿಕೊಂಡವರು. ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುನಾಳ ಅವರ ಊರು. ಈ ಪದವನ್ನು ಮೈಸೂರಿನ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿ, 2008 ರಲ್ಲಿ ಬಂದ "ಅಂತರಾಗ್ನಿ" ಆಲ್ಬಂನಲ್ಲಿ ಸೇರಿಸಿದರು. ಅದೇ ಆಲ್ಬಂನಲ್ಲಿ ಶರೀಫರ "ಸೋರುತಿಹುದು ಮನೆಯ ಮಾಳಿಗಿ" ಕೂಡ ಇದೆ. ಆಮೇಲೆ ಈ ಹಾಡುಗಳು ಕಾಲೇಜಿನ ವೇದಿಕೆ, ಬೆಂಗಳೂರಿನ ಸಭಾಂಗಣ, ಇಂಗ್ಲೆಂಡಿನ ಮೈದಾನ ಎಲ್ಲ ಸುತ್ತಿದವು. ಈಗ ನಮ್ಮ ಟಂಟಂ ಗಾಡಿಯ ಸ್ಪೀಕರಿನಲ್ಲೂ ಕೇಳಿಸುತ್ತವೆ.

ಸಭೆ ಮುಗಿದ ಮೇಲೆ ನಾವೊಂದು ಕೆಲಸ ಮಾಡಿದೆವು. ಆ ಹಾಡನ್ನು ಫೋನಿಗೆ ಇಳಿಸಿಕೊಂಡು, ಒಂದು ಸಣ್ಣ ಸ್ಪೀಕರ್ ಚೀಲಕ್ಕೆ ಹಾಕಿಕೊಂಡು, ನಾಲ್ಕು ತಾಲೂಕು ಸುತ್ತಿದೆವು. ಸಿಕ್ಕವರಿಗೆ ಹಾಡು ಕೇಳಿಸಿ, "ಹೆಂಗೈತ್ರಿ?" ಅಂದೆವು.

ಕೊಪ್ಪಳದ ಬಸ್ ಸ್ಟ್ಯಾಂಡಿನ ಹತ್ತಿರ ಕಾಲೇಜು ಹುಡುಗಿಯರು ಅರ್ಧಕ್ಕೇ ತಲೆ ಹಾಕತೊಡಗಿದರು. "ಇದು ನಮಗ ಗೊತ್ತೈತ್ರಿ, ರಘು ದೀಕ್ಷಿತ್ ಬರ್ದಿದ್ದು" ಅಂದರು. ಶರೀಫರು ಬರೆದದ್ದು ಅಂದಾಗ ಒಬ್ಬಾಕೆ, "ಹೌದೇನ್ರಿ? ಅವರ ಪದ ಅಂದ್ರ ನಿಧಾನ ಇರ್ತಾವ ಅನ್ಕೊಂಡಿದ್ವಿ" ಅಂದಳು.

ಗಂಗಾವತಿಯ ಕಡೆ ಮಾತೇ ಬೇರೆ. ಚಹಾದ ಅಂಗಡಿಯಲ್ಲಿ ಒಬ್ಬರು ಹಾಡು ಮುಗಿಯುವ ಮೊದಲೇ ಕೈ ಅಡ್ಡ ಹಿಡಿದರು. "ಗಿಟಾರು, ಮ್ಯಾಲೆ ಗುಡುಗುಡಿ. ಇನ್ನೇನ್ ಬೇಕ್ರಿ? ಗಾಂಜಾ ಹಾಡು ಇದು. ಗಡ್ಡಿಯಾಗ ನೋಡೇವಿ ನಾವು ಇಂಥದ್ದನ್ನ."

ಕುಷ್ಟಗಿ ತಾಲೂಕಿನಲ್ಲಿ ಬಹಳ ವರ್ಷದಿಂದ ಪೇಟಿ ನುಡಿಸಿಕೊಂಡು ಬಂದ ಭಜನಿ ಹಿರಿಯರೊಬ್ಬರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಎರಡನೇ ಸಲ ಹಾಕಿಸಿದರು. ಆಮೇಲೆ ಹೇಳಿದರು: "ಹುಡುಗ ಚಲೋ ಹಾಡ್ಯಾನ. ಆದ್ರ ಓಟ ಬಾಳ ಜೋರಾತು. ಮಾತು ಕಿವಿಗೆ ಬೀಳೋದ್ರಾಗ ಮುಂದ ಹೋಗಿರ್ತೈತಿ. ಈ ಪದ ಅರ್ಥ ಮಾಡ್ಕೊಳ್ಳೋ ಪದ ತಮ್ಮಾ, ಓಡಿಸೋ ಪದ ಅಲ್ಲ."

ಯಲಬುರ್ಗಾ ಕಡೆ ಹೊಲದ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದ ಹೆಣ್ಣುಮಕ್ಕಳಿಗೆ ಕೇಳಿಸಿದೆವು. ವಯಸ್ಸಾದ ಒಬ್ಬ ಅವ್ವ ಪಲ್ಲವಿ ಎರಡನೇ ಸಲ ಬರುವಾಗ ತಾನೂ ದನಿ ಕೂಡಿಸಿದಳು. ಗಿಟಾರ್ ಬಗ್ಗೆ ಏನಂತೀಯವ್ವ ಅಂದರೆ, "ನನಗ್ಯಾಕ ಬೇಕು ಯಪ್ಪಾ ಅದು ಏನ್ ಬಾರಿಸ್ತಾನ ಅಂತ. ಪದ ನಮ್ದೈತಿ" ಅಂದಳು.

ಒಂದೇ ಹಾಡು, ನಾಲ್ಕು ಕಿವಿ. ಎಲ್ಲರ ಮಾತೂ ಸರಿ ಅಂತ ಕೈ ತೊಳೆದುಕೊಳ್ಳಲು ನಾವು ಈ ಬರಹ ಬರೆಯುತ್ತಿಲ್ಲ. ನಮ್ಮ ಪ್ರಕಾರ ಇದರಲ್ಲಿ ಎರಡು ಮಾತು ತಪ್ಪು. ಒಂದು ಮಾತಿಗೆ ನಾವು ಉತ್ತರ ಕೊಡಲೇಬೇಕು. ಒಂದು ಮಾತು ನೂರಕ್ಕೆ ನೂರು ಖರೆ.

ಮೊದಲು, ಗಿಟಾರ್ ನಮ್ಮದಲ್ಲ ಅನ್ನುವ ಮಾತು.

ಹಾಗಾದರೆ ಪೇಟಿ ಯಾರದು? ನಮ್ಮ ಪ್ರತಿ ಭಜನಿ ಮನೆಯಲ್ಲೂ ಬಟ್ಟೆ ಹೊದಿಸಿ, ಕುಂಕುಮ ಹಚ್ಚಿ ಇಟ್ಟಿರುವ ಆ ಹಾರ್ಮೋನಿಯಂ ಹುಟ್ಟಿದ್ದು ಯುರೋಪಿನಲ್ಲಿ. 1842 ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಪೇಟೆಂಟ್ ಆಯಿತು. ಕಾಲಿನಿಂದ ಗಾಳಿ ಒತ್ತುವ ದೊಡ್ಡ ಪೆಟ್ಟಿಗೆಯನ್ನು ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವಂತೆ ಮಾಡಿದವರು ಕೋಲ್ಕತ್ತದ ಕುಶಲಕರ್ಮಿಗಳು. ಆ ಪೆಟ್ಟಿಗೆಯೂ ಎಷ್ಟು ಬೈಗುಳ ತಿಂದಿದೆ ಗೊತ್ತೇ? ಇದು ಹೊರಗಿನದು, ನಮ್ಮ ಸ್ವರಕ್ಕೆ ಹೊಂದುವುದಿಲ್ಲ ಅಂತ 1940 ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹಾಕಿತು. ಆ ನಿಷೇಧ ಸಡಿಲ ಆಗಲು 1971 ರವರೆಗೆ ಕಾಯಬೇಕಾಯಿತು. ಮೂವತ್ತೊಂದು ವರ್ಷ!

ಆ ಮೂವತ್ತೊಂದು ವರ್ಷ ನಮ್ಮ ಹಳ್ಳಿಯ ಭಜನಿಗಳೇನು ಪೇಟಿ ಬಿಟ್ಟವೇ? ಕಂಪನಿ ನಾಟಕದವರು ಬಿಟ್ಟರೇ? ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಅದೇ ಪೇಟಿಯ ಮುಂದೆ ಕೂರಿಸಿ ವಿದ್ಯೆ ಕೊಟ್ಟರು. ದಿಲ್ಲಿಯ ರೇಡಿಯೋ ಬೇಡ ಅಂದದ್ದನ್ನು ನಮ್ಮ ಸೀಮೆ ಎದೆಗೆ ಅಪ್ಪಿಕೊಂಡಿತು. ಇವತ್ತು ಪೇಟಿ ಇಲ್ಲದ ಭಜನಿಯನ್ನು ನೆನೆಸಿಕೊಳ್ಳಲೂ ನಮಗೆ ಆಗುವುದಿಲ್ಲ.

ವಯಲಿನ್ ಕಥೆಯೂ ಅದೇ. ಅದೂ ಹಡಗಿನಲ್ಲಿ ಬಂದದ್ದು. ಈಗ ಅದಿಲ್ಲದೆ ಕರ್ನಾಟಕ ಸಂಗೀತದ ಕಛೇರಿ ನಡೆಯೋದು ಕಷ್ಟ. ಹೊರಗಿನ ವಾದ್ಯ ನಮ್ಮದಾಗೋದು ಹೀಗೆಯೇ. ನಮ್ಮವರು ನಮ್ಮ ಪದಕ್ಕೆ ಅದನ್ನು ದುಡಿಸಿಕೊಂಡಾಗ ಅದು ನಮ್ಮದು. ಗಿಟಾರಿಗೂ ಅದೇ ಲೆಕ್ಕ ಇರಲಿ.

ಇನ್ನು "ಮೂಲ ಧಾಟಿ ಕೆಡಿಸಿದರು" ಅನ್ನುವವರಿಗೆ ಒಂದು ಪ್ರಶ್ನೆ. ಮೂಲ ಧಾಟಿ ನೀವು ಕೇಳಿದ್ದೀರಾ? ಶರೀಫರು ತೀರಿಕೊಂಡದ್ದು 1889 ರಲ್ಲಿ. ನಮ್ಮ ದೇಶದಲ್ಲಿ ಹಾಡನ್ನು ಗ್ರಾಮೋಫೋನ್ ತಟ್ಟೆಗೆ ಹಾಕಲು ಶುರು ಮಾಡಿದ್ದು 1902 ರಲ್ಲಿ. ಶರೀಫರ ದನಿ ಯಾವ ಯಂತ್ರದಲ್ಲೂ ಉಳಿದಿಲ್ಲ. ಪದ ಉಳಿದದ್ದು ಬಾಯಿಂದ ಬಾಯಿಗೆ. ಬಾಯಿ ಬದಲಾದಂತೆ ಧಾಟಿಯೂ ಬದಲಾಗಿದೆ. ನೀವು ಇವತ್ತು "ಹಳೇದು" ಅಂತ ಹಾಡುವ ಧಾಟಿಗಳಲ್ಲಿ ಎಷ್ಟೋ ಸಿ. ಅಶ್ವತ್ಥ್ ಅವರದು. 1990 ರಲ್ಲಿ ಟಿ.ಎಸ್. ನಾಗಾಭರಣ ಅವರ "ಸಂತ ಶಿಶುನಾಳ ಶರೀಫ" ಸಿನಿಮಾ ಬಂತು, ಅಶ್ವತ್ಥರ ಸಂಗೀತದ ಕ್ಯಾಸೆಟ್ ಊರೂರಿಗೆ ಬಂತು, ನಮ್ಮ ಭಜನಿ ಮನೆಗಳಿಗೂ ಬಂತು. ಅದು ಸ್ಟುಡಿಯೋದಲ್ಲಿ ತಯಾರಾದ ಸಂಗೀತ, ಅದರ ಹಿಂದೆ ದೊಡ್ಡ ವಾದ್ಯಮೇಳ ಇತ್ತು. ಅದನ್ನು ನಾವು ತಪ್ಪು ಅನ್ನುತ್ತಿಲ್ಲ. ಅಶ್ವತ್ಥ್ ಇಲ್ಲದಿದ್ದರೆ ನಮ್ಮ ತಲೆಮಾರಿಗೆ ಶರೀಫರು ಸಿಗುತ್ತಿದ್ದರೋ ಇಲ್ಲವೋ. ಆದರೆ 1990 ರ ಬದಲಾವಣೆ ಸಂಪ್ರದಾಯ, 2008 ರ ಬದಲಾವಣೆ ಅಪಚಾರ ಅಂದರೆ ಅದು ಯಾವ ನ್ಯಾಯ?

ಎರಡನೆಯದು, ಗಾಂಜಾದ ಮಾತು. ಇದು ಹೆಚ್ಚು ಅಪಾಯದ್ದು, ಯಾಕಂದರೆ ಇದು ಹುಡುಗರ ಮೈಗೆ ಅಂಟುತ್ತದೆ.

ಗಂಗಾವತಿ ಕಡೆಯವರ ಸಿಟ್ಟಿಗೆ ಕಾರಣ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆನೆಗೊಂದಿ ಹತ್ತಿರದ ವಿರೂಪಾಪುರ ಗಡ್ಡಿಯಲ್ಲಿ ವರ್ಷಗಟ್ಟಲೆ ವಿದೇಶಿ ಪ್ರವಾಸಿಗರ ರೆಸಾರ್ಟ್ ನಡೆದವು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2020 ರಲ್ಲಿ ಅಲ್ಲಿನ ಅಕ್ರಮ ಕಟ್ಟಡಗಳನ್ನು ಒಡೆದು ಹಾಕಿದರು. ಆ ಕಾಲದಲ್ಲಿ ಹೊಳೆ ದಂಡೆಯಲ್ಲಿ ಗಿಟಾರ್ ದನಿಯೂ ಕೇಳುತ್ತಿತ್ತು, ನಶೆಯ ಸುದ್ದಿಯೂ ಕೇಳುತ್ತಿತ್ತು. ಎರಡೂ ಒಂದೇ ಗಂಟಿನಲ್ಲಿ ಜನರ ತಲೆಯಲ್ಲಿ ಕುಳಿತವು. ಆದರೆ ಅದೇ ಗಡ್ಡಿಯ ಜನ ಮೋಟಾರ್ ಸೈಕಲ್ ಓಡಿಸುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಅದಕ್ಕೆ ನಾವು ಬೈಕನ್ನೂ ಚಹಾವನ್ನೂ ಬಿಟ್ಟೆವೇ?

ಗುಡುಗುಡಿಯ ಪದಕ್ಕೆ ನಶೆಯ ಹಾಡು ಅಂತ ಹಣೆಪಟ್ಟಿ ಹಚ್ಚುವವರು ಆ ಪದವನ್ನು ಪಲ್ಲವಿ ದಾಟಿ ಕೇಳಿಲ್ಲ. ಅದು ಸೇದುವ ನೆಪದಲ್ಲಿ ಸುಡುವ ಪದ. ಮನಸ್ಸಿನಲ್ಲಿ ಕಟ್ಟಿಟ್ಟ ಕೆಟ್ಟ ಗುಣಗಳನ್ನು ಬಿಚ್ಚಿ, ಬೆಂಕಿಗೆ ಹಾಕಿ, ಒಳಗಿನ ರೋಗ ಕಳಕೊಳ್ಳು ಅನ್ನುತ್ತದೆ. ಅಗಸಿ ಕಟ್ಟೆಯ ಮೇಲೆ ಗುಡುಗುಡಿ ಸೇದುತ್ತ ಕುಳಿತವರಿಗೆ, ಅವರ ಕೈಯಲ್ಲಿದ್ದ ವಸ್ತುವನ್ನೇ ತೋರಿಸಿ ಶರೀಫರು ಬುದ್ಧಿ ಹೇಳಿದರು. ಅವರ ರೀತಿಯೇ ಅದು. ಸೋರುವ ಮಣ್ಣಿನ ಮಾಳಿಗೆ ಕಂಡರೆ ಅದರಲ್ಲೊಂದು ಪದ. ಹತ್ತಿಯ ಗಿರಣಿ ಬಂದಾಗ ಆ ಹೊಸ ಯಂತ್ರವನ್ನು ಕಂಡು "ಗಿರಣಿ ವಿಸ್ತಾರ ನೋಡಮ್ಮ" ಅಂತ ಪದ ಕಟ್ಟಿದವರು ಅವರು. ತಮ್ಮ ಕಾಲದ ಹೊಸ ಯಂತ್ರಕ್ಕೆ ಹೆದರದೆ ಅದನ್ನೇ ಪದದೊಳಗೆ ತಂದವರ ಹಾಡಿಗೆ ಹೊಸ ವಾದ್ಯ ಬೇಡ ಅನ್ನುವುದು ನಮಗಂತೂ ಅರ್ಥ ಆಗುವುದಿಲ್ಲ.

ಇನ್ನೊಂದನ್ನೂ ನೆನಪು ಮಾಡಿಕೊಳ್ಳಿ. ಇಮಾಮ್ ಸಾಹೇಬರ ಮಗ ಶರೀಫರು ಕಳಸದ ಬ್ರಾಹ್ಮಣ ಗೋವಿಂದ ಭಟ್ಟರನ್ನು ಗುರು ಮಾಡಿಕೊಂಡಾಗ ಎರಡೂ ಕಡೆಯವರು ಸಿಟ್ಟಾಗಿದ್ದರು. "ಇದು ನಮ್ಮ ರೀತಿ ಅಲ್ಲ" ಅನ್ನುವ ಮಾತನ್ನು ಶರೀಫರು ಬದುಕಿದ್ದಾಗಲೇ ಕೇಳಿದ್ದಾರೆ. ಆ ಮಾತು ಆಡಿದವರ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ.

ಈಗ ಕುಷ್ಟಗಿಯ ಪೇಟಿ ಹಿರಿಯರ ಮಾತಿಗೆ ಬರೋಣ. ಅದು ಸಿಟ್ಟಿನ ಮಾತಲ್ಲ, ಪದ ಬಲ್ಲವರ ಮಾತು. ಅದಕ್ಕೆ ನಾವು ತಲೆ ಬಾಗುತ್ತೇವೆ.

ಗಿಟಾರ್ ಮುಂದೆ ನಿಂತು ಓಡುವ, ಒಂದೇ ಸಲ ಕೇಳಿದರೂ ಪಲ್ಲವಿ ಬಾಯಲ್ಲಿ ಕೂರುವ ಹಾಡುಗಳಿಗೆ ಹೊರದೇಶದಲ್ಲಿ ಪವರ್ ಪಾಪ್ ಅನ್ನುತ್ತಾರೆ. ಇಂಗ್ಲೆಂಡಿನ ದಿ ಹೂ ತಂಡದ ಪೀಟ್ ಟೌನ್‌ಶೆಂಡ್ 1967 ರಲ್ಲಿ ಆಡಿದ ಮಾತು ಅದು. ಈ ಶರೀಫರ ಹಾಡನ್ನು ಪೂರ್ತಿ ಆ ಗುಂಪಿಗೆ ಸೇರಿಸಲು ಬರುವುದಿಲ್ಲ, ಇದರಲ್ಲಿ ಜಾನಪದದ ಮಣ್ಣು ಹೆಚ್ಚು. ಆದರೆ ಎಳೆಯುವ ಶಕ್ತಿ ಅದೇ: ಗಿಟಾರಿನ ಓಟ, ಮರಳಿ ಮರಳಿ ಬರುವ ಪಲ್ಲವಿ, ಎಲ್ಲರೂ ದನಿ ಕೂಡಿಸುವ ಹುಮ್ಮಸ್ಸು.

ಭಜನಿಯಲ್ಲೂ ಪಲ್ಲವಿ ಮರಳಿ ಬರುತ್ತದೆ. ಆದರೆ ಅಲ್ಲಿ ಇನ್ನೊಂದು ನಡೆಯುತ್ತದೆ. ಮುಂದಾಳು ಒಂದು ಸಾಲು ಹಾಡುತ್ತಾನೆ, ಹಿಮ್ಮೇಳ ಅದೇ ಸಾಲನ್ನು ಹಿಡಿದು ತಿರುಗಿ ಹಾಡುತ್ತದೆ. ಅಂದರೆ ಪ್ರತಿ ಮಾತೂ ಕೇಳುವವನ ಕಿವಿಗೆ ಎರಡು ಸಲ ಬೀಳುತ್ತದೆ. ಒಮ್ಮೊಮ್ಮೆ ಹಾಡುವವರು ನಡುವೆ ನಿಲ್ಲಿಸಿ, "ಇದರ ಒಳಗ ಏನೈತಿ ಅಂದ್ರ..." ಅಂತ ಬಿಡಿಸಿ ಹೇಳುತ್ತಾರೆ. ಓದು ಬರಹ ಇಲ್ಲದವರಿಗೆ ನೂರು ನೂರು ಪದ ಬಾಯಿಪಾಠ ಆಗಿದ್ದು ಹೀಗೆ. ಗಿಟಾರಿನ ಹಾಡಿನಲ್ಲಿ ಪಲ್ಲವಿ ಹತ್ತು ಸಲ ಬರುತ್ತದೆ, ಚರಣ ಒಂದೇ ಸಲ ಬಂದು ಓಡಿ ಹೋಗುತ್ತದೆ. ಸಿಹಿ ಉಳಿಯುತ್ತದೆ, ಔಷಧಿ ಕೆಳಗೆ ಬೀಳುತ್ತದೆ.

ಹುಡುಗರೇ, ಈ ಮಾತು ನಿಮಗೆ. ನಿಮ್ಮ ಪರ ಮಾತಾಡಿದ್ದೇವೆ, ಈಗ ನಿಮ್ಮ ಕಿವಿಯನ್ನೂ ಹಿಂಡುತ್ತೇವೆ.

ಆ ನಾಲ್ವರಿಗೆ ನಾವು ಒಂದು ಪ್ರಶ್ನೆ ಕೇಳಿದ್ದೆವು: ಈ ಪದದ ಕೊನೆಯ ನುಡಿ ಹೇಳಿ. ಇಬ್ಬರಿಗೆ ಬರಲಿಲ್ಲ. ತತ್ವಪದದ ಕೊನೆಯಲ್ಲಿ ಅಂಕಿತ ಇರುತ್ತದೆ. ಶರೀಫರ ಅಂಕಿತ ಶಿಶುನಾಳಧೀಶ. ಅದು ಆ ಪದದ ವಿಳಾಸ, ಸಹಿ, ಮನೆಯ ಬಾಗಿಲು. ರೀಲ್ಸಿಗೆ ಅಂತ ಮೂವತ್ತು ಸೆಕೆಂಡು ಕತ್ತರಿಸುತ್ತೀರಲ್ಲ, ಅದರಲ್ಲಿ ಅಂಕಿತ ಎಲ್ಲಿ? ಕೆಳಗೆ ಬರೆಯುವ ಸಾಲಿನಲ್ಲಾದರೂ ಶರೀಫರ ಹೆಸರು ಇರುತ್ತದೆಯೇ? ಕೊಪ್ಪಳದ ಹುಡುಗಿಯರಿಗೆ ಬರೆದವರು ಯಾರು ಅಂತ ಗೊತ್ತಿಲ್ಲದೆ ಹೋದದ್ದು ಅವರ ತಪ್ಪಲ್ಲ, ಹೆಸರು ಬಿಟ್ಟು ಹಂಚಿದವರ ತಪ್ಪು.

ಹಿರಿಯರೂ ನಗಬೇಡಿ. "ಇದು ಅಶ್ವತ್ಥ ಬರದ ಹಾಡು" ಅಂದ ಹಿರಿಯರೂ ಈ ನಾಲ್ಕು ತಾಲೂಕಿನಲ್ಲಿ ನಮಗೆ ಸಿಕ್ಕರು.

ಈಗ ಅಸಲಿ ಮಾತು. ಗಿಟಾರ್ ಬಂದರೆ ತತ್ವಪದ ಸಾಯುತ್ತದೆ ಅನ್ನುವವರು ಒಂದು ಅಮಾವಾಸ್ಯೆ ರಾತ್ರಿ ತಮ್ಮ ಊರಿನ ಭಜನಿ ಮನೆಗೆ ಹೋಗಿ ನೋಡಲಿ. ನಾವು ಹೋಗಿದ್ದೇವೆ. ಹಾಡುವವರು ಐದು ಜನ, ಕೇಳುವವರು ಮೂರು ಜನ. ಪೇಟಿಯ ಎರಡು ಸ್ವರ ಏಳುವುದಿಲ್ಲ, ರಿಪೇರಿಗೆ ಒಯ್ಯಲು ದುಡ್ಡಿಲ್ಲ. ಡಗ್ಗಾ ಹರಿದು ಬಹಳ ದಿನ ಆಗಿದೆ. ಹಾಡುವವರಲ್ಲಿ ಚಿಕ್ಕವರು ಅಂದರೆ ಐವತ್ತು ದಾಟಿದವರು. ನೂರು ಪದ ಬರುವ ಅಜ್ಜ ತೀರಿಕೊಂಡರೆ ನೂರು ಪದವೂ ಅವರ ಜೊತೆ ಮಣ್ಣಿಗೆ ಹೋಗುತ್ತವೆ. ಇದಕ್ಕೆ ಗಿಟಾರ್ ಕಾರಣವೇ? ಆ ಊರಿಗೆ ಗಿಟಾರ್ ಬಂದೇ ಇಲ್ಲ!

ಕಾರಣ ನಾವು. ಕೇಳುವವರು ಎದ್ದು ಹೋದೆವು. ಮನೆಯಲ್ಲಿ ಟಿವಿ, ಕೈಯಲ್ಲಿ ಫೋನು. ಜಾತ್ರೆಗೆ ಡಿಜೆ ಬೇಕು, ಭಜನಿಗೆ ಟೆಂಗಿನಕಾಯಿ ಸಾಕು. ಎದೆ ನಡುಗಿಸುವ ಡಿಜೆ ರಾತ್ರಿಯೆಲ್ಲ ನಡೆದರೆ ಯಾರ ಸಂಸ್ಕೃತಿಗೂ ಧಕ್ಕೆ ಬರುವುದಿಲ್ಲ. ನಾಲ್ಕು ಹುಡುಗರು ಶರೀಫರ ಮಾತನ್ನು ಗಿಟಾರ್ ಮೇಲೆ ಹಾಡಿದರೆ ಮಾತ್ರ ಧಕ್ಕೆ ಬರುತ್ತದೆ. ಇದು ಪದದ ಮೇಲಿನ ಪ್ರೀತಿ ಅಲ್ಲ. ಇದು ಮಕ್ಕಳ ಮೇಲೆ ಚಲಾಯಿಸುವ ಹಿರಿತನ.

ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿ 2025 ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಆ ದಿನ ನಾವೆಲ್ಲ ಅವರ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿಕೊಂಡೆವು. ಅದಾದ ಮೇಲೆ ನಮ್ಮಲ್ಲಿ ಎಷ್ಟು ಜನ ತೊಗಲು ಗೊಂಬೆಯಾಟ ಕೂತು ನೋಡಿದ್ದೇವೆ? ನಮ್ಮನ್ನೂ ಸೇರಿಸಿಯೇ ಕೇಳುತ್ತಿದ್ದೇವೆ.

ಸಾವಿರದ ನೂರು ವರ್ಷಕ್ಕೂ ಹಿಂದೆ, ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳುಗನ್ನಡದ ನಾಡು ಯಾವುದು ಅಂತ ಹೇಳುವಾಗ ನಾಲ್ಕು ಊರು ಹೆಸರಿಸಿತು. ಅದರಲ್ಲಿ ಕೊಪಣ ಒಂದು, ಅಂದರೆ ನಮ್ಮ ಕೊಪ್ಪಳ. ಪುಲಿಗೆರೆ ಇನ್ನೊಂದು, ಅಂದರೆ ಲಕ್ಷ್ಮೇಶ್ವರ. ಶರೀಫರ ಶಿಶುನಾಳ ಅಲ್ಲಿಂದ ಹೆಚ್ಚು ದೂರ ಇಲ್ಲ. ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಅಂತ ಅದೇ ಪುಸ್ತಕ ಹೊಗಳಿತು. ಯಲಬುರ್ಗಾದ ಹೊಲದಲ್ಲಿ ದನಿ ಕೂಡಿಸಿದ ಅವ್ವ ಆ ಮಾತಿಗೆ ಇವತ್ತಿನ ಸಾಕ್ಷಿ. ಗಿಟಾರ್ ಬಗ್ಗೆ ಅವಳಿಗೆ ಚಿಂತೆ ಇಲ್ಲ, ಯಾಕಂದರೆ ಪದ ಅವಳ ಬಾಯಲ್ಲಿದೆ. ಪದ ಬಾಯಲ್ಲಿ ಇಲ್ಲದವರಿಗೇ ವಾದ್ಯದ ಭಯ ಹೆಚ್ಚು. ನೂರಕ್ಕೆ ನೂರು ಖರೆ ಅಂತ ನಾವು ಅಂದದ್ದು ಆಕೆಯ ಮಾತಿಗೇ.

ಜಾತ್ರಾ ಕಮಿಟಿಯ ಹಿರಿಯರಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ಆರ್ಕೆಸ್ಟ್ರಾ ಶುರುವಾಗುವ ಮೊದಲು, ಜನ ಎದ್ದಿರುವ ಹೊತ್ತಿನಲ್ಲಿ, ಒಂದು ತಾಸು ತತ್ವಪದಕ್ಕೆ ಕೊಡಿ. ಅರ್ಧ ತಾಸು ಭಜನಿ ಮಂಡಳಿ, ಅರ್ಧ ತಾಸು ಹುಡುಗರು. ಭಜನಿಯವರಿಗೆ ಟೆಂಗಿನಕಾಯಿಯ ಜೊತೆ ದುಡ್ಡೂ ಕೊಡಿ. ಡಿಜೆಯವನ ಮುಂದೆ ಚೌಕಾಸಿ ಮಾಡದ ನೀವು ನಿಮ್ಮೂರ ಹಾಡುಗಾರನ ಮುಂದೆ ಮಾಡಬೇಡಿ. ಪೇಟಿ ರಿಪೇರಿಯ ಖರ್ಚನ್ನು ಜಾತ್ರೆಯ ಲೆಕ್ಕದಲ್ಲಿ ಬರೆಯಿರಿ.

ಹುಡುಗರಿಗೂ ಒಂದು ಕರಾರು. ವೇದಿಕೆ ಹತ್ತುವ ಮೊದಲು ಮೂರು ಅಮಾವಾಸ್ಯೆ ಭಜನಿ ಮನೆಯಲ್ಲಿ ಕೂರಿ. ಹಾಡುವ ಪದದ ಅರ್ಥವನ್ನು ಹಿರಿಯರ ಬಾಯಿಂದ ಕೇಳಿಕೊಳ್ಳಿ. ಚರಣವನ್ನು ಎರಡು ಸಲ ಹಾಡಿ, ಅಂಕಿತ ಬಿಡಬೇಡಿ. ಬರೆದವರ ಹೆಸರನ್ನು ಹಾಡುವ ಮೊದಲು ಮೈಕಿನಲ್ಲಿ ಹೇಳಿ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ, ಅವರನ್ನು ಕೇಳಿಯೇ, ಆ ಅಜ್ಜನ ಪದಗಳನ್ನು ಪೂರ್ತಿ ರೆಕಾರ್ಡ್ ಮಾಡಿ, ಕೇಳಿ ಕೇಳಿ ವಹಿಯಲ್ಲಿ ಬರೆದಿಡಿ. ಅವರ ದನಿಯನ್ನಾದರೂ ಉಳಿಸಿಕೊಳ್ಳೋಣ.

ಕುಷ್ಟಗಿಯ ಆ ಹಿರಿಯರ ಮನೆಯಿಂದ ನಾವು ಹೊರಡುವಾಗ ಅವರು ಬಾಗಿಲವರೆಗೆ ಬಂದು ಒಂದು ಮಾತು ಹೇಳಿದರು: "ಆ ಯಲಬುರ್ಗಾದ ಹುಡುಗರಿಗೆ ಹೇಳ್ರಿ, ಗಿಟಾರ್ ತಗೊಂಡೇ ಬರ್ಲಿ ಅಂತ. ನಮ್ಮ ಪೇಟಿ ಯಾವ ಪಟ್ಟಿಗೆ ಐತಿ ನೋಡ್ಕೊಂಡು ಅವರು ತಂತಿ ಕೂಡಿಸ್ಕೊಳ್ಳಿ. ಓಟ ಎಷ್ಟು ಇರಬೇಕು ಅಂತ ನಾ ತೋರಿಸ್ತೀನಿ."

ಹುಡುಗರಿಗೆ ಹೇಳಿದ್ದೇವೆ. ಬರುವ ಅಮಾವಾಸ್ಯೆಗೆ ಹೋಗುತ್ತಾರಂತೆ. ನಾವೂ ಹೋಗುತ್ತೇವೆ. ನಿಮ್ಮೂರಿನ ಭಜನಿ ಮನೆಯಲ್ಲಿ ಆ ರಾತ್ರಿ ಎಷ್ಟು ಜನ ಇದ್ದರು, ಹಾಡುವವರೆಷ್ಟು, ಕೇಳುವವರೆಷ್ಟು ಅಂತ ಎಣಿಸಿ ನಮಗೆ ತಿಳಿಸಿ. ಎಣಿಸಬೇಕಾದರೆ ನೀವೇ ಹೋಗಬೇಕಾಗುತ್ತದೆ.